ವಿಸ್ಕಾಸ್

'''ವಿಸ್ಕಾಸ್''' ಅಮೆರಿಕ ಸಂಯುಕ್ತ ಸಂಸ್ಥಾನದ ಮಾರ್ಸ್ ಇನ್‌ಕಾರ್ಪೊರೇಟೆಡ್ ಕಂಪನಿಯ ಒಡೆತನದಲ್ಲಿರುವ ಬೆಕ್ಕಿನ ಆಹಾರದ ಒಂದು ಬ್ರ್ಯಾಂಡ್. ಒಣ ಕಾಳುಗಳು, ಪೌಚ್ ಮತ್ತು ಡಬ್ಬಿಗಳಲ್ಲಿ ತುಂಬಿದ ಹಸಿ ಆಹಾರ, ತಿನಿಸುಗಳು ಹಾಗೂ ಬೆಕ್ಕಿಗೆಂದೇ ಸಿದ್ಧಪಡಿಸಿದ ಹಾಲು ಈ ಹೆಸರಿನಲ್ಲಿ ಮಾರಾಟವಾಗುತ್ತವೆ. ಅಮೆರಿಕದಲ್ಲಿ ಇದು 1988ರವರೆಗೆ ''ಕ್ಯಾಲ್ ಕ್ಯಾನ್'' ಎಂಬ ಹೆಸರಿನಲ್ಲಿತ್ತು. ನೇರಳೆ ಬಣ್ಣದ ಪೊಟ್ಟಣ ಈ ಬ್ರ್ಯಾಂಡಿನ ಪ್ರಧಾನ ಗುರುತು. ಭಾರತದ ಮಾರುಕಟ್ಟೆಯಲ್ಲಿ ಬೆಕ್ಕಿನ ಸಿದ್ಧ ಆಹಾರವನ್ನು ಜನಸಾಮಾನ್ಯರಿಗೆ ಪರಿಚಯಿಸಿದ ಹೆಸರುಗಳಲ್ಲಿ ವಿಸ್ಕಾಸ್ ಮುಖ್ಯವಾದುದು.

'''ಪಕ್ಷಿನೋಟ'''
* ಉತ್ಪನ್ನ: ಬೆಕ್ಕಿನ ಆಹಾರ
* ಒಡೆತನ: ಮಾರ್ಸ್ ಇನ್‌ಕಾರ್ಪೊರೇಟೆಡ್ (ಮಾರ್ಸ್ ಪೆಟ್‌ಕೇರ್ ವಿಭಾಗ)
* ಮೂಲ ಕಂಪನಿ: ಕ್ಯಾಲ್ ಕ್ಯಾನ್ ಫುಡ್ಸ್ (ಅಮೆರಿಕ), 1936
* ಮಾರ್ಸ್ ಸ್ವಾಧೀನಕ್ಕೆ ಬಂದದ್ದು: 1968
* ಅಮೆರಿಕದಲ್ಲಿ ಈಗಿನ ಹೆಸರು ಬಂದದ್ದು: 1988
* ಸಹೋದರ ಬ್ರ್ಯಾಂಡ್‌ಗಳು: ಪೆಡಿಗ್ರೀ, ಶೀಬಾ, ರಾಯಲ್ ಕ್ಯಾನಿನ್, ಕಿಟೆಕ್ಯಾಟ್, ಟೆಂಪ್ಟೇಷನ್ಸ್

== ಇತಿಹಾಸ ==

=== ಹಿನ್ನೆಲೆ ===
ಸಾಕುಪ್ರಾಣಿಗಳಿಗೆಂದು ಕಾರ್ಖಾನೆಯಲ್ಲಿ ಆಹಾರ ತಯಾರಿಸುವ ಉದ್ಯಮ 19ನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಅಮೆರಿಕ ಮೂಲದ ಜೇಮ್ಸ್ ಸ್ಪ್ರಾಟ್ 1860ರ ಸುಮಾರಿಗೆ ಲಂಡನ್ನಿನಲ್ಲಿ ನಾಯಿ ಬಿಸ್ಕತ್ತುಗಳನ್ನು ತಯಾರಿಸಿ ಮಾರತೊಡಗಿದನು. ಮೊದಲ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಕುದುರೆಗಳ ಬಳಕೆ ಕಡಿಮೆಯಾಗಿ, ಅವುಗಳ ಮಾಂಸ ಅಗ್ಗವಾಗಿ ದೊರೆಯತೊಡಗಿತು. 1922ರಲ್ಲಿ ಚಾಪೆಲ್ ಸಹೋದರರು ಕುದುರೆ ಮಾಂಸವನ್ನು ಡಬ್ಬಿಯಲ್ಲಿ ತುಂಬಿ ''ಕೆನ್-ಎಲ್ ರೇಷನ್'' ಎಂಬ ನಾಯಿ ಆಹಾರವನ್ನು ಮಾರುಕಟ್ಟೆಗೆ ತಂದರು. ಈ ಬೆಳವಣಿಗೆಯಲ್ಲಿ ಬೆಕ್ಕು ಹಿಂದೆಯೇ ಉಳಿಯಿತು. ಇಲಿ ಹಿಡಿದು ತನ್ನ ಹೊಟ್ಟೆಯನ್ನು ತಾನೇ ಹೊರೆಯುವ ಪ್ರಾಣಿಗೆ ಹಣ ಕೊಟ್ಟು ಆಹಾರ ತರಬೇಕೆಂಬ ಭಾವನೆ ಆಗ ಜನರಲ್ಲಿರಲಿಲ್ಲ. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಹೀರಿಕೊಳ್ಳುವ ಗುಣವುಳ್ಳ ಜೇಡಿಮಣ್ಣನ್ನು ಬೆಕ್ಕಿನ ಮಲವಿಸರ್ಜನೆಗೆ ಬಳಸಬಹುದೆಂದು ತೋರಿಸಿದ ಮೇಲೆ, ಬೆಕ್ಕನ್ನು ಸದಾಕಾಲ ಮನೆಯೊಳಗೇ ಇಟ್ಟು ಸಾಕುವುದು ಸುಲಭವಾಯಿತು. ಹೀಗೆ ಮನೆಯೊಳಗೆ ಉಳಿದ ಬೆಕ್ಕಿಗೆ ಬೇಟೆ ತಪ್ಪಿತು. ಸಿದ್ಧ ಆಹಾರಕ್ಕೆ ಬೇಡಿಕೆ ಹುಟ್ಟಿತು.

=== ಕ್ಯಾಲ್ ಕ್ಯಾನ್ ===
ವಿಸ್ಕಾಸ್‌ನ ಅಮೆರಿಕದ ಪೂರ್ವರೂಪವಾದ ಕ್ಯಾಲ್ ಕ್ಯಾನ್ ಅನ್ನು 1936ರಲ್ಲಿ ಕ್ಲೆಮೆಂಟ್ ಹರ್ಷ್ ಎಂಬ ಉದ್ಯಮಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದನು. ಮೊದಲು ''ಡಾಗ್ ಟೌನ್ ಪ್ಯಾಕಿಂಗ್ ಕಂಪನಿ'' ಎಂದಿದ್ದ ಈ ಸಂಸ್ಥೆ ಮುಂದೆ ''ಕ್ಯಾಲ್ ಕ್ಯಾನ್ ಫುಡ್ಸ್'' ಎಂದಾಯಿತು. ಹರ್ಷ್ ಮುಂದಿನ ದಿನಗಳಲ್ಲಿ ಕುದುರೆ ಪಂದ್ಯಗಳ ಲೋಕದಲ್ಲಿಯೂ ಹೆಸರು ಮಾಡಿದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ತವರದ ಬಳಕೆಯ ಮೇಲೆ ನಿಯಂತ್ರಣ ಹೇರಿದಾಗ ಡಬ್ಬಿ ಆಹಾರದ ತಯಾರಿಕೆಗೆ ದೊಡ್ಡ ಪೆಟ್ಟು ಬಿತ್ತು. ಒಣ ಆಹಾರದ ಕಡೆಗೆ ಉದ್ಯಮ ತಿರುಗಲು ಇದೂ ಒಂದು ಕಾರಣ. ಯುದ್ಧಾನಂತರ ಡಬ್ಬಿ ಆಹಾರ ಮತ್ತೆ ಚೇತರಿಸಿಕೊಂಡಿತು. 1968ರಲ್ಲಿ ಮಾರ್ಸ್ ಕಂಪನಿ ಕ್ಯಾಲ್ ಕ್ಯಾನ್ ಅನ್ನು ಕೊಂಡುಕೊಂಡಿತು.

=== ಮಾರ್ಸ್ ಮತ್ತು ಬ್ರಿಟನ್ ===
ಮಿಠಾಯಿ ತಯಾರಿಕೆಯಿಂದ ಪ್ರಸಿದ್ಧವಾದ ಮಾರ್ಸ್ ಕಂಪನಿಯನ್ನು 1911ರಲ್ಲಿ ಫ್ರಾಂಕ್ ಮಾರ್ಸ್ ಆರಂಭಿಸಿದನು. ಅವನ ಮಗ ಫಾರೆಸ್ಟ್ ಮಾರ್ಸ್ 1932ರಲ್ಲಿ ಇಂಗ್ಲೆಂಡಿಗೆ ಹೋಗಿ ಸ್ಲೌ ಪಟ್ಟಣದಲ್ಲಿ ಸ್ವಂತ ಮಿಠಾಯಿ ಕಾರ್ಖಾನೆ ತೆರೆದನು. ಅದೇ ದಶಕದ ಮಧ್ಯಭಾಗದಲ್ಲಿ ಅವನು ಚಾಪೆಲ್ ಸಹೋದರರ ಬ್ರಿಟಿಷ್ ಶಾಖೆಯನ್ನು ಕೊಂಡು ಸಾಕುಪ್ರಾಣಿ ಆಹಾರದ ವ್ಯವಹಾರಕ್ಕೆ ಕಾಲಿಟ್ಟನು. ಲೆಸ್ಟರ್‌ಶೈರ್‌ನ ಮೆಲ್ಟನ್ ಮೌಬ್ರೇ ಈ ವ್ಯವಹಾರದ ಕೇಂದ್ರವಾಗಿ ಬೆಳೆಯಿತು. ಕಿಟೆಕ್ಯಾಟ್ ಹಾಗೂ ಅದರ ನಂತರ ವಿಸ್ಕಾಸ್, ಯುದ್ಧಾನಂತರದ ದಶಕಗಳಲ್ಲಿ ಬ್ರಿಟನ್ನಿನ ಮನೆಮಾತಾದವು. ಅಲ್ಲಿಂದ ಯುರೋಪ್ ಮತ್ತು ಆಸ್ಟ್ರೇಲಿಯಾಗಳಿಗೂ ವಿಸ್ಕಾಸ್ ಹರಡಿತು.

=== ಹೆಸರಿನ ಏಕೀಕರಣ ===
1980ರ ದಶಕದಲ್ಲಿ ಮಾರ್ಸ್ ಕಂಪನಿ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿದ್ದ ತನ್ನ ಉತ್ಪನ್ನಗಳಿಗೆ ಒಂದೇ ಜಾಗತಿಕ ಹೆಸರು ನೀಡುವ ನೀತಿಯನ್ನು ಅನುಸರಿಸಿತು. ಅದರಂತೆ 1988ರಲ್ಲಿ ಅಮೆರಿಕದಲ್ಲಿ ಕ್ಯಾಲ್ ಕ್ಯಾನ್ ಬೆಕ್ಕಿನ ಆಹಾರಕ್ಕೆ ವಿಸ್ಕಾಸ್ ಎಂದೂ, ಕ್ಯಾಲ್ ಕ್ಯಾನ್ ನಾಯಿ ಆಹಾರಕ್ಕೆ ಪೆಡಿಗ್ರೀ ಎಂದೂ ಮರುನಾಮಕರಣ ಮಾಡಲಾಯಿತು. ಅಮೆರಿಕದಲ್ಲಿ ''ವಿಸ್ಕಾಸ್ ಟೆಂಪ್ಟೇಷನ್ಸ್'' ಎಂದು ಮಾರಾಟವಾಗುತ್ತಿದ್ದ ತಿನಿಸು ಮುಂದೆ ''ಟೆಂಪ್ಟೇಷನ್ಸ್'' ಎಂಬ ಸ್ವತಂತ್ರ ಬ್ರ್ಯಾಂಡ್ ಆಯಿತು; ಇದೇ ಬಗೆಯ ತಿನಿಸು ಬ್ರಿಟನ್ನಿನಲ್ಲಿ ''ಡ್ರೀಮೀಸ್'' ಎಂದು ಪ್ರಸಿದ್ಧ.

== ಉತ್ಪನ್ನಗಳು ==
ವಿಸ್ಕಾಸ್ ಉತ್ಪನ್ನಗಳನ್ನು ಬೆಕ್ಕಿನ ವಯಸ್ಸಿಗೆ ಅನುಗುಣವಾಗಿ ವಿಂಗಡಿಸಲಾಗಿದೆ. ಮರಿಗಳಿಗೆ (2ರಿಂದ 12 ತಿಂಗಳು), ಬೆಳೆದ ಬೆಕ್ಕುಗಳಿಗೆ (1 ವರ್ಷದ ಮೇಲೆ) ಮತ್ತು ಕೆಲವು ದೇಶಗಳಲ್ಲಿ 7 ವರ್ಷ ಹಾಗೂ 11 ವರ್ಷ ಮೀರಿದ ಬೆಕ್ಕುಗಳಿಗೆ ಪ್ರತ್ಯೇಕ ಪೊಟ್ಟಣಗಳಿವೆ.

* '''ಒಣ ಆಹಾರ''': ಮೀನು, ಕೋಳಿ ಮೊದಲಾದವುಗಳ ರುಚಿಯಲ್ಲಿ ದೊರೆಯುವ ಗಟ್ಟಿ ಕಾಳುಗಳು. ಕೆಲವು ಬಗೆಗಳಲ್ಲಿ ಹೊರಗೆ ಗರಿಗರಿಯಾದ ಕವಚವೂ ಒಳಗೆ ಮೆದುವಾದ ತಿರುಳೂ ಇರುತ್ತವೆ. ತೇವಾಂಶ ಶೇ 10ರ ಆಸುಪಾಸಿನಲ್ಲಿರುವುದರಿಂದ ಪೊಟ್ಟಣ ತೆರೆದ ಮೇಲೂ ಕೆಲವು ವಾರ ಕೆಡುವುದಿಲ್ಲ.
* '''ಹಸಿ ಆಹಾರ''': ಗ್ರೇವಿ ಅಥವಾ ಜೆಲ್ಲಿಯಲ್ಲಿರುವ ತುಂಡುಗಳು. ಇದರ ಸುಮಾರು ಶೇ 80 ಭಾಗ ನೀರು. ತೆರೆದ ಮೇಲೆ ಉಳಿದುದನ್ನು ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನಗಳೊಳಗೆ ಮುಗಿಸಬೇಕು.
* '''ಬೆಕ್ಕಿನ ಹಾಲು''': ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯ ಅಂಶವನ್ನು ಬಹುಮಟ್ಟಿಗೆ ತೆಗೆದ ಹಾಲು. ಯುರೋಪಿನ ಮಾರುಕಟ್ಟೆಗಳಲ್ಲಿ ಪ್ರಚಲಿತ.
* '''ತಿನಿಸುಗಳು''': ಊಟಕ್ಕೆ ಬದಲಾಗಿ ಅಲ್ಲದೆ, ಆಗಾಗ್ಗೆ ಸ್ವಲ್ಪ ಪ್ರಮಾಣದಲ್ಲಿ ಕೊಡುವಂಥವು.

== ತಯಾರಿಕೆ ==
ಒಣ ಆಹಾರವನ್ನು ಎಕ್ಸ್‌ಟ್ರೂಷನ್ ಎಂಬ ವಿಧಾನದಿಂದ ತಯಾರಿಸುತ್ತಾರೆ. ಮಾಂಸ ಮತ್ತು ಮೀನಿನ ಪುಡಿ, ಜೋಳ, ಗೋಧಿ ಅಥವಾ ಅಕ್ಕಿಯ ಹಿಟ್ಟು, ಸೋಯಾ, ಜೀವಸತ್ವ ಹಾಗೂ ಖನಿಜಗಳನ್ನು ಬೆರೆಸಿ, ಹಬೆಯಿಂದ ಮೃದುಗೊಳಿಸಿ, ಹೆಚ್ಚಿನ ಒತ್ತಡ ಮತ್ತು 100 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಶಾಖದಲ್ಲಿ ಅಚ್ಚಿನ ಮೂಲಕ ಹೊರತಳ್ಳಲಾಗುತ್ತದೆ. ಅಚ್ಚಿನಿಂದ ಹೊರಬರುವಾಗ ಒತ್ತಡ ಹಠಾತ್ತನೆ ಇಳಿಯುವುದರಿಂದ ಹಿಟ್ಟು ಅರಳುತ್ತದೆ. ಅನಂತರ ತುಂಡರಿಸಿ, ಒಣಗಿಸಿ, ಮೇಲೆ ಕೊಬ್ಬು ಮತ್ತು ರುಚಿಕಾರಕಗಳನ್ನು ಸಿಂಪಡಿಸುತ್ತಾರೆ. ಕಾಳು ಅರಳಿ ಗಟ್ಟಿಯಾಗಲು ಪಿಷ್ಟ ಅಗತ್ಯವಾದ್ದರಿಂದ ಒಣ ಆಹಾರದಲ್ಲಿ ಧಾನ್ಯದ ಅಥವಾ ಗೆಡ್ಡೆಯ ಪಾಲು ಇದ್ದೇ ಇರುತ್ತದೆ. ಸಾಕುಪ್ರಾಣಿ ಆಹಾರದಲ್ಲಿ ಈ ವಿಧಾನ 1950ರ ದಶಕದಲ್ಲಿ ಅಮೆರಿಕದ ಪ್ಯೂರಿನಾ ಕಂಪನಿಯ ಮೂಲಕ ಬಳಕೆಗೆ ಬಂದಿತು.

ಹಸಿ ಆಹಾರವನ್ನು ಪೌಚ್ ಅಥವಾ ಡಬ್ಬಿಯಲ್ಲಿ ತುಂಬಿ ಮೊಹರು ಮಾಡಿದ ನಂತರ, ಒತ್ತಡದಲ್ಲಿರುವ ಬಿಸಿ ಹಬೆಯಲ್ಲಿ ಸುಮಾರು 120 ಡಿಗ್ರಿ ಶಾಖಕ್ಕೆ ಒಡ್ಡಿ ರೋಗಾಣುಮುಕ್ತಗೊಳಿಸುತ್ತಾರೆ. ಹೀಗಾಗಿ ತೆರೆಯದ ಪೌಚ್‌ಗೆ ಸಂರಕ್ಷಕಗಳಾಗಲಿ ಶೀತಲೀಕರಣವಾಗಲಿ ಬೇಕಾಗುವುದಿಲ್ಲ. ಈ ಬಗೆಯ ಆಹಾರಗಳಲ್ಲಿ ಕಾಣುವ ಮಾಂಸದಂಥ ತುಂಡುಗಳು ಅನೇಕ ವೇಳೆ ಕತ್ತರಿಸಿದ ಮಾಂಸಖಂಡಗಳಲ್ಲ. ನುಣ್ಣಗೆ ಅರೆದ ಮಾಂಸ ಮತ್ತು ಅಂಗಾಂಶಗಳಿಗೆ ಗೋಧಿಯ ಅಂಟನ್ನು ಸೇರಿಸಿ, ಹಬೆಯಲ್ಲಿ ಬೇಯಿಸಿ, ತುಂಡು ಮಾಡಿದಂಥವು.

== ಪೋಷಣೆಯ ವೈಜ್ಞಾನಿಕ ಹಿನ್ನೆಲೆ ==
ಬೆಕ್ಕು ಅನಿವಾರ್ಯ ಮಾಂಸಾಹಾರಿ. ನಾಯಿಯಂತೆ ಅಥವಾ ಮನುಷ್ಯನಂತೆ ಅದು ಸಸ್ಯಾಹಾರದ ಮೇಲೆ ಬದುಕಲು ಹೊಂದಿಕೊಂಡಿಲ್ಲ. ಇದಕ್ಕೆ ಕಾರಣವಾದ ಕೆಲವು ಸಂಗತಿಗಳು:

* '''ಟಾರಿನ್''': ಪ್ರಾಣಿಗಳ ಸ್ನಾಯುಗಳಲ್ಲಿ ಹೇರಳವಾಗಿರುವ ಈ ಪದಾರ್ಥವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಅಕ್ಷಿಪಟಲ ಕ್ಷೀಣಿಸಿ ಬೆಕ್ಕು ಕುರುಡಾಗುತ್ತದೆಂದು 1975ರಲ್ಲಿ ತಿಳಿದುಬಂದಿತು.
* '''ಆರ್ಜಿನಿನ್''': ಈ ಅಮೈನೋ ಆಮ್ಲವಿಲ್ಲದ ಒಂದೇ ಒಂದು ಊಟದಿಂದಲೂ ರಕ್ತದಲ್ಲಿ ಅಮೋನಿಯ ಏರಿ, ಕೆಲವೇ ಗಂಟೆಗಳಲ್ಲಿ ಬೆಕ್ಕು ಅಸ್ವಸ್ಥವಾಗುತ್ತದೆ.
* '''ಎ ಜೀವಸತ್ವ''': ಗಜ್ಜರಿ, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೋಟಿನ್ ಅನ್ನು ಬೆಕ್ಕು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಲಾರದು. ಯಕೃತ್ತು ಮುಂತಾದ ಪ್ರಾಣಿಮೂಲಗಳಿಂದಲೇ ಅದು ದೊರೆಯಬೇಕು.
* '''ಅರಾಕಿಡೋನಿಕ್ ಆಮ್ಲ''': ಪ್ರಾಣಿಜನ್ಯ ಕೊಬ್ಬಿನಲ್ಲಿರುವ ಈ ಅಂಶವೂ ಬೆಕ್ಕಿಗೆ ಆಹಾರದ ಮೂಲಕವೇ ಸಿಗಬೇಕು.

ಟಾರಿನ್ ಕುರಿತ ಎರಡನೆಯ ಶೋಧ ಇಡೀ ಉದ್ಯಮವನ್ನೇ ಬದಲಿಸಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಾಲ್ ಪಿಯೋನ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ಕಾಯಿಲೆಗೆ ಒಳಗಾದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಕಡಿಮೆಯಿರುವುದನ್ನು ತೋರಿಸಿದರು. ಟಾರಿನ್ ನೀಡಿದಾಗ ಅನೇಕ ಬೆಕ್ಕುಗಳು ಚೇತರಿಸಿಕೊಂಡವು. ಈ ಬೆಕ್ಕುಗಳು ಹಸಿದಿದ್ದ ಬೀದಿ ಬೆಕ್ಕುಗಳಲ್ಲ, ಅಂಗಡಿಯಲ್ಲಿ ಕೊಂಡ ಸಿದ್ಧ ಆಹಾರವನ್ನೇ ತಿಂದು ಬೆಳೆದವು ಎಂಬುದು ಗಮನಾರ್ಹ. ಆ ಬಳಿಕ ಬೆಕ್ಕಿನ ಆಹಾರಗಳಿಗೆ ಹೆಚ್ಚಿನ ಟಾರಿನ್ ಸೇರಿಸುವುದು ರೂಢಿಯಾಗಿ, ಈ ಕಾಯಿಲೆ ವಿರಳವಾಯಿತು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ಮಾನದಂಡದಂತೆ, ತೇವಾಂಶ ಕಳೆದು ಲೆಕ್ಕ ಹಾಕಿದಾಗ ಬೆಳೆದ ಬೆಕ್ಕಿನ ಆಹಾರದಲ್ಲಿ ಕನಿಷ್ಠ ಶೇ 26, ಮರಿಗಳ ಆಹಾರದಲ್ಲಿ ಕನಿಷ್ಠ ಶೇ 30 ಪ್ರೋಟೀನ್ ಇರಬೇಕು. ಟಾರಿನ್ ಒಣ ಆಹಾರದಲ್ಲಿ ಶೇ 0.1, ಡಬ್ಬಿ ಆಹಾರದಲ್ಲಿ ಶೇ 0.2ಕ್ಕೆ ಕಡಿಮೆಯಿರಬಾರದು.

ಮಾರ್ಸ್ ಕಂಪನಿಗೆ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ''ವಾಲ್ಥಮ್'' ಎಂಬ ಸಂಶೋಧನಾ ಕೇಂದ್ರವಿದೆ. ಬೆಕ್ಕಿನ ರುಚಿಪ್ರಜ್ಞೆಯ ಕುರಿತು ಈ ಕೇಂದ್ರ ಪಾಲ್ಗೊಂಡ ಎರಡು ಅಧ್ಯಯನಗಳು ಪ್ರಸಿದ್ಧವಾಗಿವೆ. ಅಮೆರಿಕದ ಮೊನೆಲ್ ಕೇಂದ್ರದೊಡನೆ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಸಿಹಿಯನ್ನು ಗುರುತಿಸಲು ಬೇಕಾದ ಎರಡು ವಂಶವಾಹಿಗಳಲ್ಲಿ ಒಂದು ಬೆಕ್ಕಿನಲ್ಲಿ ನಿಷ್ಕ್ರಿಯವಾಗಿದೆಯೆಂದು ತೋರಿಸಿತು. ಸಕ್ಕರೆ ಬೆಕ್ಕಿಗೆ ಸಿಹಿಯಾಗಿ ತೋರದಿರಲು ಇದೇ ಕಾರಣ. 2023ರಲ್ಲಿ ಪ್ರಕಟವಾದ ಅಧ್ಯಯನವು ಮಾಂಸ ಮತ್ತು ಮೀನಿನ ಸ್ವಾದವನ್ನು ಗುರುತಿಸುವ ರುಚಿಗ್ರಾಹಿಯು ಬೆಕ್ಕಿನ ನಾಲಿಗೆಯಲ್ಲಿ ಕ್ರಿಯಾಶೀಲವಾಗಿರುವುದನ್ನೂ, ಟ್ಯೂನಾ ಮೀನಿನಲ್ಲಿರುವ ಅಂಶಗಳ ಜೋಡಣೆ ಅದಕ್ಕೆ ವಿಶೇಷವಾಗಿ ಒಗ್ಗುವುದನ್ನೂ ವಿವರಿಸಿತು.

== ಜಾಹೀರಾತು ಮತ್ತು ಗುರುತು ==
=== ಹತ್ತರಲ್ಲಿ ಎಂಟು ಬೆಕ್ಕುಗಳು ===
'ಹತ್ತರಲ್ಲಿ ಎಂಟು ಬೆಕ್ಕುಗಳು ವಿಸ್ಕಾಸ್ ಅನ್ನೇ ಇಷ್ಟಪಡುತ್ತವೆ' ಎಂಬರ್ಥದ ಬ್ರಿಟಿಷ್ ಜಾಹೀರಾತು ಈ ಬ್ರ್ಯಾಂಡನ್ನು ಪ್ರಸಿದ್ಧಗೊಳಿಸಿತು. ಬೆಕ್ಕುಗಳ ಇಷ್ಟವನ್ನು ಅಳೆದದ್ದು ಹೇಗೆಂಬ ಆಕ್ಷೇಪ ಬಂದ ಮೇಲೆ, 'ಅಭಿಪ್ರಾಯ ತಿಳಿಸಿದ ಹತ್ತು ಮಾಲೀಕರಲ್ಲಿ ಎಂಟು ಮಂದಿ ತಮ್ಮ ಬೆಕ್ಕು ಇದನ್ನು ಇಷ್ಟಪಡುತ್ತದೆಂದರು' ಎಂಬ ಅರ್ಥ ಬರುವಂತೆ ವಾಕ್ಯವನ್ನು ತಿದ್ದಲಾಯಿತು. ಎರಡು ವಾಕ್ಯಗಳ ನಡುವಿನ ಅಂತರ ಸಣ್ಣದಲ್ಲ. ಮೊದಲನೆಯದು ಎಲ್ಲ ಬೆಕ್ಕುಗಳ ಕುರಿತ ಹೇಳಿಕೆಯಂತೆ ಕೇಳಿಸಿದರೆ, ಎರಡನೆಯದು ಏನನ್ನೂ ಹೇಳದೆ ಉಳಿದವರನ್ನು ಲೆಕ್ಕದಿಂದ ಬಿಟ್ಟ ಮಾಲೀಕರ ಅಭಿಪ್ರಾಯ ಮಾತ್ರ. ಸಮೀಕ್ಷೆಗಳನ್ನು ಆಧರಿಸಿದ ಜಾಹೀರಾತುಗಳನ್ನು ಚರ್ಚಿಸುವಾಗ ಇದನ್ನು ಇಂದಿಗೂ ಉದಾಹರಿಸುತ್ತಾರೆ. ಬ್ರಿಟನ್ನಿನ ಚಾನೆಲ್ 4 ವಾಹಿನಿಯಲ್ಲಿ 2005ರಲ್ಲಿ ಆರಂಭವಾದ, ಅಂಕಿ-ಅಂಶ ಮತ್ತು ಜನಾಭಿಪ್ರಾಯಗಳನ್ನು ವಸ್ತುವಾಗುಳ್ಳ ಹಾಸ್ಯ ಕಾರ್ಯಕ್ರಮಕ್ಕೆ ''ಏಟ್ ಔಟ್ ಆಫ್ ಟೆನ್ ಕ್ಯಾಟ್ಸ್'' ಎಂಬ ಹೆಸರು ಬಂದದ್ದು ಈ ಘೋಷವಾಕ್ಯದಿಂದಲೇ.

1999ರಲ್ಲಿ ವಿಸ್ಕಾಸ್ ಬ್ರಿಟನ್ನಿನಲ್ಲಿ ಮಾಲೀಕರಿಗಲ್ಲದೆ ಬೆಕ್ಕುಗಳಿಗೇ ತೋರಿಸಲೆಂದು ರೂಪಿಸಿದ ದೂರದರ್ಶನ ಜಾಹೀರಾತನ್ನೂ ಪ್ರಸಾರ ಮಾಡಿತು.

=== ನೇರಳೆ ಬಣ್ಣ ===
ಪೊಟ್ಟಣದ ನೇರಳೆ ಬಣ್ಣವನ್ನೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಕಂಪನಿ ಪ್ರಯತ್ನಿಸಿತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಪ್ರತಿಸ್ಪರ್ಧಿ ನೆಸ್ಲೆ ಕಂಪನಿ ವಿರೋಧ ವ್ಯಕ್ತಪಡಿಸಿತು. ವ್ಯಾಜ್ಯವು ಅಲ್ಲಿನ ಫೆಡರಲ್ ನ್ಯಾಯಾಲಯಕ್ಕೆ ಹೋಗಿ, 2010ರಲ್ಲಿ ಮಾರ್ಸ್ ಪರವಾಗಿ ಇತ್ಯರ್ಥವಾಯಿತು. ಬಣ್ಣವೊಂದನ್ನು ವ್ಯಾಪಾರದ ಗುರುತಾಗಿ ಪರಿಗಣಿಸಬಹುದೇ ಎಂಬ ಪ್ರಶ್ನೆಯ ಚರ್ಚೆಯಲ್ಲಿ ಈ ಪ್ರಕರಣವೂ ಉಲ್ಲೇಖಗೊಳ್ಳುತ್ತದೆ.

== ಭಾರತದಲ್ಲಿ ==
ಮಾರ್ಸ್ ಪೆಟ್‌ಕೇರ್ ಭಾರತದಲ್ಲಿ ಪೆಡಿಗ್ರೀ ಮತ್ತು ವಿಸ್ಕಾಸ್‌ಗಳನ್ನು ಮಾರುತ್ತದೆ. ತೆಲಂಗಾಣದ ಹೈದರಾಬಾದ್ ಸಮೀಪ ಅದರ ತಯಾರಿಕಾ ಘಟಕವಿದೆ. ಥಾಯ್ಲೆಂಡಿನಲ್ಲಿ ತಯಾರಾದ ವಿಸ್ಕಾಸ್ ಉತ್ಪನ್ನಗಳೂ ಭಾರತಕ್ಕೆ ಆಮದಾಗಿವೆ. ಒಣ ಆಹಾರ 480 ಗ್ರಾಂ, 1.2 ಕೆ.ಜಿ., 3 ಕೆ.ಜಿ. ಮತ್ತು 7 ಕೆ.ಜಿ. ಪೊಟ್ಟಣಗಳಲ್ಲಿ ದೊರೆಯುತ್ತದೆ. ಭಾರತೀಯ ಮಾರುಕಟ್ಟೆಯಲ್ಲಿ ಥಾಯ್ಲೆಂಡಿನ ಮಿ-ಓ, ನೆಸ್ಲೆಯ ಪ್ಯೂರಿನಾ ಉತ್ಪನ್ನಗಳು ಹಾಗೂ ಭಾರತದ ಡ್ರೂಲ್ಸ್ ಇದರ ಪ್ರಮುಖ ಸ್ಪರ್ಧಿಗಳು.

=== ಕಾನೂನು ಮತ್ತು ತೆರಿಗೆ ===
ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಮನುಷ್ಯರು ಸೇವಿಸುವ ಆಹಾರಕ್ಕೆ ಸಂಬಂಧಿಸಿದ್ದು. ಪಶು ಆಹಾರವನ್ನು ಅದರ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ನಾಯಿ ಮತ್ತು ಬೆಕ್ಕುಗಳ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ ಐಎಸ್ 11968 ಎಂಬ ಮಾನಕವನ್ನು ರೂಪಿಸಿದೆ. ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ವಿಳಾಸ ಮುಂತಾದವನ್ನು ಮುದ್ರಿಸುವುದು ಕಾನೂನುಬದ್ಧ ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು, 2011ರಂತೆ ಕಡ್ಡಾಯ. ಪ್ರಾಣಿಮೂಲದ ಪದಾರ್ಥಗಳಿರುವ ಸಾಕುಪ್ರಾಣಿ ಆಹಾರವನ್ನು ಆಮದು ಮಾಡಿಕೊಳ್ಳಲು ಜಾನುವಾರು ಆಮದು ಕಾಯ್ದೆ, 1898ರ ಅಡಿಯಲ್ಲಿ ಪರವಾನಗಿ ಬೇಕು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಚಿಲ್ಲರೆ ಮಾರಾಟಕ್ಕೆ ಪೊಟ್ಟಣ ಮಾಡಿದ ನಾಯಿ ಮತ್ತು ಬೆಕ್ಕಿನ ಆಹಾರಕ್ಕೆ ಶೇ 18ರ ದರ ನಿಗದಿಯಾಯಿತು. ದನಕರು ಹಾಗೂ ಕೋಳಿಗಳ ಆಹಾರಕ್ಕೆ ವಿನಾಯಿತಿ ದೊರೆಯಿತು. ಕೃಷಿಗೆ ನೆರವಾಗುವ ಪ್ರಾಣಿಗಳಿಗೂ ಮನೆಯಲ್ಲಿ ಸಾಕುವ ಪ್ರಾಣಿಗಳಿಗೂ ತೆರಿಗೆ ವ್ಯವಸ್ಥೆಯಲ್ಲಿರುವ ಭೇದವನ್ನು ಇದು ಸೂಚಿಸುತ್ತದೆ.

=== ಕರ್ನಾಟಕದಲ್ಲಿ ಬೆಕ್ಕಿನ ಆಹಾರ ಪದ್ಧತಿ ===
ಕರ್ನಾಟಕದ ಹಳ್ಳಿಗಳಲ್ಲಿ ಬೆಕ್ಕನ್ನು ಸಾಕುತ್ತಿದ್ದುದು ಮುಖ್ಯವಾಗಿ ಕಣಜ, ಅಟ್ಟ ಮತ್ತು ಕೊಟ್ಟಿಗೆಗಳಲ್ಲಿ ಇಲಿಗಳ ಕಾಟ ತಡೆಯಲು. ಮನೆಯವರು ಹಾಕುತ್ತಿದ್ದ ಹಾಲು-ಅನ್ನ, ಮೊಸರನ್ನ ಅಥವಾ ರೊಟ್ಟಿಯ ಚೂರು ಬೆಕ್ಕಿನ ಆಹಾರದ ಒಂದು ಭಾಗ ಮಾತ್ರವಾಗಿತ್ತು. ಉಳಿದುದನ್ನು ಅದು ಬೇಟೆಯಿಂದ ಪಡೆಯುತ್ತಿತ್ತು. ಕರಾವಳಿಯ ಮನೆಗಳಲ್ಲಿ ಮೀನಿನ ತಲೆ, ಮುಳ್ಳು, ಕರುಳು ಬೆಕ್ಕಿನ ಪಾಲಾಗುತ್ತಿದ್ದವು. ಸಸ್ಯಾಹಾರಿ ಮನೆಗಳಲ್ಲಿಯೂ ಬೆಕ್ಕು ಆರೋಗ್ಯವಾಗಿ ಬೆಳೆಯುತ್ತಿದ್ದುದಕ್ಕೆ ಮನೆಯವರ ಕಣ್ಣಿಗೆ ಬೀಳದ ಈ ಬೇಟೆಯೇ ಕಾರಣ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು ಮುಂತಾದ ನಗರಗಳ ವಸತಿ ಸಮುಚ್ಚಯಗಳಲ್ಲಿ ಬೆಕ್ಕು ಮನೆಯೊಳಗೇ ಉಳಿಯುವುದರಿಂದ ಬೇಟೆಗೆ ಅವಕಾಶವಿಲ್ಲ. ಅದೇ ಹಾಲು-ಅನ್ನವನ್ನು ಪೂರ್ಣ ಆಹಾರವಾಗಿ ಕೊಟ್ಟರೆ ಟಾರಿನ್ ಮುಂತಾದ ಅಂಶಗಳು ಸಾಲದೆ, ತಿಂಗಳುಗಳು ಕಳೆದಂತೆ ಕಣ್ಣು ಮತ್ತು ಹೃದಯಕ್ಕೆ ಹಾನಿಯಾಗಬಹುದು. ಬೆಳೆದ ಬೆಕ್ಕುಗಳಲ್ಲಿ ಲ್ಯಾಕ್ಟೋಸ್ ಅನ್ನು ಜೀರ್ಣಿಸುವ ಶಕ್ತಿ ಕಡಿಮೆಯಾಗುವುದರಿಂದ ಹಸುವಿನ ಹಾಲಿನಿಂದ ಭೇದಿಯಾಗುವುದೂ ಉಂಟು. ನಗರಗಳಲ್ಲಿ ಸಿದ್ಧ ಆಹಾರಕ್ಕೆ ಬೇಡಿಕೆ ಬೆಳೆಯಲು ಅನುಕೂಲದ ಜೊತೆಗೆ ಈ ಅಗತ್ಯವೂ ಕಾರಣವಾಗಿದೆ. ಸಾಕುಪ್ರಾಣಿ ಅಂಗಡಿ, ಔಷಧ ಅಂಗಡಿ, ಸೂಪರ್‌ಮಾರ್ಕೆಟ್ ಹಾಗೂ ಆನ್‌ಲೈನ್ ಮಳಿಗೆಗಳಲ್ಲಿ ವಿಸ್ಕಾಸ್ ದೊರೆಯುತ್ತದೆ. ಬೀದಿ ಬೆಕ್ಕುಗಳಿಗೆ ಊಟ ಹಾಕುವವರೂ ಒಣ ಕಾಳುಗಳನ್ನು ಬಳಸುತ್ತಾರೆ.

== ಬಳಕೆಯ ಪ್ರಮಾಣ ==
ಮನೆಯೊಳಗಿರುವ ಸುಮಾರು 4 ಕೆ.ಜಿ. ತೂಕದ ಬೆಕ್ಕಿಗೆ ದಿನಕ್ಕೆ ಅಂದಾಜು 200ರಿಂದ 250 ಕಿಲೋಕ್ಯಾಲರಿ ಸಾಕಾಗುತ್ತದೆ. ಒಣ ಆಹಾರದಲ್ಲಿ ಇದು ಸಾಮಾನ್ಯವಾಗಿ 55ರಿಂದ 70 ಗ್ರಾಂ. ಬಟ್ಟಲು ತುಂಬ ಹಾಕಿಟ್ಟು ದಿನವಿಡೀ ತಿನ್ನಲು ಬಿಡುವುದು ಬೊಜ್ಜಿಗೆ ದಾರಿಮಾಡುತ್ತದೆ. ತಿನಿಸುಗಳ ಪಾಲು ದಿನದ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಒಣ ಆಹಾರ ತಿನ್ನುವ ಬೆಕ್ಕಿಗೆ ಶುದ್ಧ ನೀರು ಸದಾ ಸಿಗುವಂತಿರಬೇಕು. ಹೊಸ ಆಹಾರಕ್ಕೆ ಬದಲಾಯಿಸುವಾಗ ಹಳೆಯದರೊಡನೆ ಬೆರೆಸುತ್ತ ಒಂದು ವಾರದ ಅವಧಿಯಲ್ಲಿ ಬದಲಾಯಿಸುವುದು ಒಳ್ಳೆಯದು. ಬೆಕ್ಕು ಕೆಲವು ದಿನ ಏನನ್ನೂ ತಿನ್ನದಿದ್ದರೆ, ಅದರಲ್ಲಿಯೂ ದಪ್ಪವಾಗಿರುವ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯ ಒದಗಬಹುದು. ಆದ್ದರಿಂದ 'ಹಸಿದರೆ ತಾನೇ ತಿನ್ನುತ್ತದೆ' ಎಂದು ಉಪವಾಸ ಕೆಡಹುವುದು ಸರಿಯಲ್ಲ.

== ಟೀಕೆ ಮತ್ತು ಚರ್ಚೆ ==
ವಿಸ್ಕಾಸ್ ಸೇರಿದಂತೆ ಸಾಮಾನ್ಯ ಬೆಲೆಯ ಬೆಕ್ಕಿನ ಆಹಾರಗಳ ಮೇಲೆ ಕೆಲವು ಟೀಕೆಗಳಿವೆ. ಒಣ ಕಾಳುಗಳಲ್ಲಿ ಧಾನ್ಯದ ಪಾಲು ಹೆಚ್ಚೆಂಬುದು ಒಂದು. ಪೊಟ್ಟಣದ ಮೇಲೆ 'ಮಾಂಸದ ಉಪೋತ್ಪನ್ನ' ಎಂದು ಬರೆದಿರುವುದು ಯಾವ ಅಂಗ, ಯಾವ ಪ್ರಾಣಿ ಎಂಬುದನ್ನು ತಿಳಿಸುವುದಿಲ್ಲವೆಂಬುದು ಇನ್ನೊಂದು. ಇದಕ್ಕೆ ಪ್ರತಿಯಾಗಿ, ಯಕೃತ್ತು, ಶ್ವಾಸಕೋಶ ಮುಂತಾದ ಉಪೋತ್ಪನ್ನಗಳು ಪೌಷ್ಟಿಕವೇ ಆಗಿದ್ದು, ಬೇಟೆಯಾಡುವ ಬೆಕ್ಕೂ ಅವನ್ನು ತಿನ್ನುತ್ತದೆಂದು ಪೋಷಣಾ ತಜ್ಞರು ಹೇಳುತ್ತಾರೆ. ಸಹಜವಾಗಿ ಕಡಿಮೆ ನೀರು ಕುಡಿಯುವ ಬೆಕ್ಕಿಗೆ ಒಣ ಆಹಾರ ಮಾತ್ರವೇ ಕೊಟ್ಟರೆ ಮೂತ್ರಕೋಶದ ತೊಂದರೆಗಳ ಸಾಧ್ಯತೆ ಹೆಚ್ಚೆಂಬ ಕಾರಣದಿಂದ, ಹಸಿ ಆಹಾರವನ್ನೂ ಸೇರಿಸುವಂತೆ ಅನೇಕ ಪಶುವೈದ್ಯರು ಸೂಚಿಸುತ್ತಾರೆ.

ಉದ್ಯಮದ ಮೇಲಿನ ನಂಬಿಕೆಯನ್ನು ಅಲುಗಿಸಿದ ದೊಡ್ಡ ಘಟನೆ 2007ರ ಮೆಲಮೈನ್ ಪ್ರಕರಣ. ಚೀನಾದಿಂದ ಬಂದ ಗೋಧಿ ಅಂಟಿನಲ್ಲಿ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತಿದ್ದು, ಉತ್ತರ ಅಮೆರಿಕದಲ್ಲಿ ಅನೇಕ ಬೆಕ್ಕು-ನಾಯಿಗಳು ಮೂತ್ರಪಿಂಡ ವೈಫಲ್ಯದಿಂದ ಸತ್ತವು. ಮೆನು ಫುಡ್ಸ್ ಎಂಬ ತಯಾರಕ ಸಂಸ್ಥೆ ಮೊದಲುಗೊಂಡು ಹಲವು ಕಂಪನಿಗಳು ತಮ್ಮ ಸರಕನ್ನು ಹಿಂಪಡೆದವು. ಪ್ರೋಟೀನನ್ನು ನೇರವಾಗಿ ಅಳೆಯದೆ ಸಾರಜನಕದ ಪ್ರಮಾಣದಿಂದ ಲೆಕ್ಕ ಹಾಕುವ ರೂಢಿಯೇ ಈ ಕಲಬೆರಕೆಗೆ ಎಡೆಗೊಟ್ಟಿತ್ತು: ಮೆಲಮೈನ್‌ನಲ್ಲಿ ಸಾರಜನಕ ಹೇರಳವಾಗಿರುವುದರಿಂದ ಕಳಪೆ ಪದಾರ್ಥವೂ ಪರೀಕ್ಷೆಯಲ್ಲಿ ಪ್ರೋಟೀನ್‌ಭರಿತವಾಗಿ ಕಾಣುತ್ತಿತ್ತು.

ಪರಿಸರದ ಮೇಲಿನ ಹೊರೆಯೂ ಚರ್ಚೆಯ ವಿಷಯವಾಗಿದೆ. ಅಮೆರಿಕದಲ್ಲಿ ಪ್ರಾಣಿಜನ್ಯ ಆಹಾರದ ಉತ್ಪಾದನೆಯಿಂದಾಗುವ ಪರಿಸರ ಪರಿಣಾಮದಲ್ಲಿ ಶೇ 25ರಿಂದ 30ರಷ್ಟು ಪಾಲು ನಾಯಿ-ಬೆಕ್ಕುಗಳ ಆಹಾರದ್ದೆಂದು ಗ್ರೆಗರಿ ಓಕಿನ್ 2017ರಲ್ಲಿ ಅಂದಾಜು ಮಾಡಿದರು. ಹಲವು ಪದರಗಳ ಪ್ಲಾಸ್ಟಿಕ್ ಮತ್ತು ಲೋಹದ ಹಾಳೆಗಳಿಂದಾದ ಪೌಚ್‌ಗಳನ್ನು ಮರುಬಳಕೆಗೆ ಒಳಪಡಿಸುವುದು ಕಷ್ಟ.

2022ರ ಜುಲೈಯಲ್ಲಿ ಬೆಲೆ ಏರಿಕೆಯ ಕುರಿತು ಬ್ರಿಟನ್ನಿನ ಟೆಸ್ಕೊ ಮಳಿಗೆಗಳಿಗೂ ಮಾರ್ಸ್ ಕಂಪನಿಗೂ ಭಿನ್ನಾಭಿಪ್ರಾಯ ಉಂಟಾಗಿ, ಟೆಸ್ಕೊಗೆ ವಿಸ್ಕಾಸ್ ಮತ್ತು ಪೆಡಿಗ್ರೀ ಪೂರೈಕೆ ಸ್ವಲ್ಪ ಕಾಲ ನಿಂತಿತ್ತು.

== ಇವನ್ನೂ ನೋಡಿ ==
* ಬೆಕ್ಕು
* ಸಾಕುಪ್ರಾಣಿ
* ಟಾರಿನ್
* ಮಾರ್ಸ್ ಇನ್‌ಕಾರ್ಪೊರೇಟೆಡ್
* ಟ್ರೇಡ್‌ಮಾರ್ಕ್